ಸಾವಿನ ಕೆಲಸ, ಮನೆತನದ ಹೊಣೆ: ಕೋಲಾರ ಸೀಮೆಯ ಅಂತ್ಯಸಂಸ್ಕಾರ ವೃತ್ತಿಯ ಚರಿತ್ರೆ

ವೃತ್ತಿಗಳ ಚರಿತ್ರೆಯನ್ನು ಬರೆಯುವಾಗ ನಮ್ಮ ವಿದ್ವಾಂಸರು ನೇಕಾರಿಕೆ, ಕುಂಬಾರಿಕೆ, ಕಮ್ಮಾರಿಕೆಗಳತ್ತ ಗಮನ ಹರಿಸಿದಷ್ಟು ಸಾವಿನ ಸುತ್ತಲಿನ ಕೆಲಸಗಳತ್ತ ಹರಿಸಿಲ್ಲ. ಸಾವಿನ ಆಚರಣೆಗಳ ಬಗ್ಗೆ, ಶೋಕಗೀತೆಗಳ ಬಗ್ಗೆ, ವೀರಗಲ್ಲು ಮಾಸ್ತಿಕಲ್ಲುಗಳ ಬಗ್ಗೆ ಸಾಕಷ್ಟು ಅಧ್ಯಯನಗಳು ನಡೆದಿವೆ. ಆದರೆ ಸುದ್ದಿ ಹೊತ್ತು ಹೋದವರು, ಚಟ್ಟ ಕಟ್ಟಿದವರು, ಗುಂಡಿ ತೋಡಿದವರು, ತಮಟೆ ಬಡಿದವರು ಆ ಅಧ್ಯಯನಗಳಲ್ಲಿ ಆಚರಣೆಯ ಹಿನ್ನೆಲೆಯಾಗಿ ಮಾತ್ರ ಬಂದುಹೋಗುತ್ತಾರೆ. ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳನ್ನು ಕೇಂದ್ರವಾಗಿಟ್ಟುಕೊಂಡು ಈ ಕೆಲಸಗಳ ಚರಿತ್ರೆಯನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಒಂದು ಹೋಲಿಕೆಯಿಂದ ಆರಂಭಿಸುವುದು ಅನುಕೂಲ. ಅಮೆರಿಕದ ಸಣ್ಣ ಪಟ್ಟಣಗಳಲ್ಲಿ ‘ಫ್ಯೂನರಲ್ ಹೋಮ್’ ಎಂಬ ಕುಟುಂಬ ಒಡೆತನದ ಸಂಸ್ಥೆ ಸರ್ವೇಸಾಮಾನ್ಯ. ಅಲ್ಲಿ ಶವಪೆಟ್ಟಿಗೆ ಮಾಡುತ್ತಿದ್ದ ಬಡಗಿಗಳು, ಪೀಠೋಪಕರಣ ಮಾರುತ್ತಿದ್ದ ವರ್ತಕರು ಕ್ರಮೇಣ ಇಡೀ ಸಂಸ್ಕಾರದ ಹೊಣೆ ಹೊರುವವರಾದರು. 1861ರಿಂದ 1865ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ದೇಹಗಳನ್ನು ದೂರದ ಊರುಗಳಿಗೆ ಕಳಿಸಬೇಕಾಗಿ ಬಂದಾಗ, ಶವ ಕೆಡದಂತೆ ಕಾಪಾಡುವ ವಿದ್ಯೆಗೆ ಬೇಡಿಕೆ ಹುಟ್ಟಿ ಆ ಕಸುಬು ಬಲಗೊಂಡಿತು. ತಂದೆಯ ಹೆಸರಿನ ಮುಂದೆ ಮಗನ ಹೆಸರು ಸೇರಿ, ಮೂರು ನಾಲ್ಕು ತಲೆಮಾರು ಒಂದೇ ನಾಮಫಲಕದ ಕೆಳಗೆ ನಡೆದ ಸಂಸ್ಥೆಗಳು ಅಲ್ಲಿ ಅನೇಕ. ಅವುಗಳ ಚರಿತ್ರೆ ಬರೆಯುವವರಿಗೆ ಲೆಕ್ಕದ ಪುಸ್ತಕ, ಜಾಹೀರಾತು, ಛಾಯಾಚಿತ್ರ ಎಲ್ಲವೂ ಸಿಗುತ್ತವೆ.

ಕೋಲಾರ ಸೀಮೆಯಲ್ಲಿಯೂ ಸಾವಿನ ಕೆಲಸ ಮನೆತನಗಳದ್ದೇ ಆಗಿತ್ತು. ಅಜ್ಜನಿಂದ ಮಗನಿಗೆ, ಮಗನಿಂದ ಮೊಮ್ಮಗನಿಗೆ ಅದು ಇಳಿದು ಬಂದಿತು. ಇಂಥ ಊರಿಗೆ ಇಂಥ ಮನೆ ಎಂಬ ನಿಗದಿ ಇತ್ತು. ಆದರೆ ಇಲ್ಲಿ ನಾಮಫಲಕವಿರಲಿಲ್ಲ, ಬೆಲೆಪಟ್ಟಿ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಬೇಡವೆನ್ನುವ ಹಕ್ಕು ಇರಲಿಲ್ಲ. ಅಲ್ಲಿ ಮನೆತನ ವೃತ್ತಿಯನ್ನು ಹೊಂದಿತ್ತು; ಇಲ್ಲಿ ವೃತ್ತಿಯೇ ಮನೆತನವನ್ನು ಹಿಡಿದುಕೊಂಡಿತ್ತು. ಈ ವ್ಯತ್ಯಾಸವನ್ನು ಬದಿಗಿಟ್ಟು ನಮ್ಮ ಅಂತ್ಯಸಂಸ್ಕಾರ ವೃತ್ತಿಯ ಚರಿತ್ರೆಯನ್ನು ಬರೆಯಲಾಗದು ಎಂಬುದು ಈ ಲೇಖನದ ನಿಲುವು.

ಆಯದ ವ್ಯವಸ್ಥೆಯಲ್ಲಿ ಸಾವು

ಹಳೆಯ ಮೈಸೂರಿನ ಗ್ರಾಮವ್ಯವಸ್ಥೆಯನ್ನು ವಿವರಿಸುವಾಗ ಮಾರ್ಕ್ ವಿಲ್ಕ್ಸ್, ಬಿ.ಎಲ್. ರೈಸ್ ಮೊದಲಾದವರು ಹನ್ನೆರಡು ಮಂದಿ ಆಯಗಾರರನ್ನು ಹೆಸರಿಸುತ್ತಾರೆ. ಗೌಡ, ಶಾನುಭೋಗ, ತಳವಾರ, ತೋಟಿ, ನೀರಗಂಟಿ, ಜೋಯಿಸ, ಕಮ್ಮಾರ, ಬಡಗಿ, ಕುಂಬಾರ, ಅಗಸ, ನಾಯಿಂದ, ಅಕ್ಕಸಾಲಿ ಎಂಬ ಈ ಪಟ್ಟಿ ಪ್ರದೇಶದಿಂದ ಪ್ರದೇಶಕ್ಕೆ ತುಸು ಬದಲಾಗುತ್ತದೆ. ಸುಗ್ಗಿಯ ಕಾಲಕ್ಕೆ ಕಣದಲ್ಲಿ ಇವರಿಗೆ ಸಲ್ಲುತ್ತಿದ್ದ ಧಾನ್ಯದ ಪಾಲೇ ಆಯ. ಕೆಲವರಿಗೆ ಇನಾಮು ಜಮೀನೂ ಇರುತ್ತಿತ್ತು.

ಈ ಪಟ್ಟಿಯಲ್ಲಿ ಸಾವಿನ ಕೆಲಸಕ್ಕೆಂದೇ ಮೀಸಲಾದ ಹೆಸರಿಲ್ಲ ಎಂಬುದು ಗಮನಾರ್ಹ. ಸಾವು ಸಂಭವಿಸಿದಾಗ ಹಲವು ಆಯಗಾರರು ತಮ್ಮ ತಮ್ಮ ಪಾಲಿನ ಕೆಲಸದೊಂದಿಗೆ ಒಟ್ಟುಗೂಡುತ್ತಿದ್ದರು. ಕುಂಬಾರ ಹೊಸ ಮಡಕೆ ಕೊಡುತ್ತಿದ್ದನು. ನಾಯಿಂದ ಕರ್ಮ ಹಿಡಿದವನ ತಲೆ ಬೋಳಿಸುತ್ತಿದ್ದನು. ಮಡಿವಾಳ ದಾರಿಗೆ ಬಟ್ಟೆ ಹಾಸಿ, ಸೂತಕದ ಬಟ್ಟೆಗಳನ್ನು ಒಯ್ಯುತ್ತಿದ್ದನು. ವೈಷ್ಣವ ಒಕ್ಕಲಿನ ಮನೆಗಳಲ್ಲಿ ದಾಸಯ್ಯ ಶಂಖ ಜಾಗಟೆಗಳೊಂದಿಗೆ ಬರುತ್ತಿದ್ದನು. ವೀರಶೈವರ ಮನೆಗಳಲ್ಲಿ ಜಂಗಮರ ಸಾನ್ನಿಧ್ಯವಿರುತ್ತಿತ್ತು. ಇವರೆಲ್ಲರ ನಡುವೆ ಅತ್ಯಂತ ಭಾರವಾದ ಕೆಲಸಗಳು, ಎಂದರೆ ಸಾವಿನ ಸುದ್ದಿ ಮುಟ್ಟಿಸುವುದು, ಸೌದೆ ಬಿದಿರು ಹೊಂದಿಸುವುದು, ಗುಂಡಿ ತೋಡುವುದು, ಶವದ ಮುಂದೆ ತಮಟೆ ಬಡಿಯುವುದು, ಹೊಲಗೇರಿ ಮಾದಿಗರ ಕೇರಿಗಳ ಮನೆತನಗಳಿಗೆ ಬಂದಿದ್ದವು. ತೋಟಿತನ ಯಾವ ಮನೆಯಲ್ಲಿತ್ತೋ ಹಲವೆಡೆ ಆ ಮನೆಯವರಿಗೇ ಈ ಹೊಣೆಯೂ ಅಂಟಿಕೊಂಡಿತ್ತು.

ಹೀಗಾಗಿ ತೋಟಿಯ ಕೆಲಸಕ್ಕೆ ಎರಡು ಮುಖಗಳಿದ್ದವು. ಒಂದು ಸರ್ಕಾರದ ಕೆಲಸ: ಕಂದಾಯ ವಸೂಲಿಗೆ ಜನರನ್ನು ಕರೆಯುವುದು, ಬೆಳೆ ಗಡಿಗಳನ್ನು ಕಾಯುವುದು. ಇದು 1908ರ ಮೈಸೂರು ಗ್ರಾಮಾಧಿಕಾರಗಳ ಕಾಯಿದೆಯ ವ್ಯಾಪ್ತಿಯೊಳಗೆ ಬಂದಿತು. ಇನ್ನೊಂದು ಊರಿನ ಕೆಲಸ: ಹಬ್ಬದ ಸಾರು ಹಾಕುವುದು, ಸತ್ತ ದನ ಎಳೆಯುವುದು, ಹೆಣದ ಗುಂಡಿ ತೋಡುವುದು. ಇದು ಯಾವ ಕಾಯಿದೆಯಲ್ಲೂ ಇರಲಿಲ್ಲ, ರೂಢಿಯಲ್ಲಿತ್ತು. ಮುಂದೆ ನಡೆದ ಬದಲಾವಣೆಗಳನ್ನು ಅರ್ಥ ಮಾಡಿಕೊಳ್ಳಲು ಈ ಇಬ್ಬಗೆಯನ್ನು ನೆನಪಿನಲ್ಲಿಡುವುದು ಅಗತ್ಯ.

ಕಲ್ಲಿನ ಮೇಲಿನ ಹೆಸರು, ದಫ್ತರದ ಹೆಸರು

ಸಾವಿಗೂ ಮನೆತನಕ್ಕೂ ಭೂಮಿಗೂ ಇರುವ ನಂಟು ಈ ನೆಲದಲ್ಲಿ ಹಳೆಯದು. ಕೋಲಾರವು ಗಂಗರ ಶಾಸನಗಳಲ್ಲಿ ಕುವಲಾಲಪುರವೆಂದು ಕಾಣಿಸಿಕೊಳ್ಳುತ್ತದೆ. ‘ಕುವಲಾಲಪುರವರೇಶ್ವರ’ ಎಂಬುದು ಗಂಗರ ಬಿರುದು. ಬಿ.ಎಲ್. ರೈಸ್ ಸಂಪಾದಿಸಿ 1905ರಲ್ಲಿ ಪ್ರಕಟವಾದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟವು ಕೋಲಾರ ಜಿಲ್ಲೆಯ ಶಾಸನಗಳಿಗೆ ಮೀಸಲಾಗಿದ್ದು, ಅದರಲ್ಲಿ ವೀರಗಲ್ಲುಗಳ ಬರಹಗಳು ಹೇರಳವಾಗಿವೆ. ತುರುಗಾಳಗದಲ್ಲಿ, ಊರಳಿವಿನಲ್ಲಿ ಮಡಿದವನ ಮನೆತನಕ್ಕೆ ಭೂಮಿ ಬಿಟ್ಟುಕೊಡುವ ಪದ್ಧತಿ ಗಂಗನಾಡಿನಲ್ಲಿ ಇದ್ದುದಕ್ಕೆ ಕಲ್ನಾಡು, ಬಾಳ್ಗಳ್ಚು, ನೆತ್ತರುಗೊಡಗೆ ಮುಂತಾದ ಶಬ್ದಗಳೇ ಸಾಕ್ಷಿ. ಸತ್ತವನ ಹೆಸರು ಕಲ್ಲಿನಲ್ಲಿ ಉಳಿಯಿತು. ಭೂಮಿ ಮಕ್ಕಳಿಗೆ ದಕ್ಕಿತು.

ಗೋರಿ ಕಾಯುವ ಮನೆತನಗಳದ್ದು ಮತ್ತೊಂದು ಬಗೆ. ಕೋಲಾರ ಪಟ್ಟಣದಲ್ಲಿ ಹೈದರಾಲಿಯ ತಂದೆ ಫತೇ ಮಹಮ್ಮದನ ಗೋರಿಯಿರುವ ಮಕ್ಬರಾ ಇದೆ. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ತೀರಿಕೊಂಡ ಹೈದರನ ದೇಹವನ್ನು ಮೊದಲು ಕೋಲಾರದ ಈ ಸ್ಥಳಕ್ಕೆ ತಂದಿರಿಸಿ, ಅನಂತರ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಮುಳಬಾಗಿಲಿನಲ್ಲಿ ಹೈದರ್ ವಲಿ ದರ್ಗಾ ಎಲ್ಲ ಮತದವರೂ ಬಂದು ನಡೆದುಕೊಳ್ಳುವ ಸ್ಥಳ. ಇಂಥ ಸ್ಥಳಗಳಲ್ಲಿ ಗೋರಿಗೆ ಚಾದರ ಹೊದಿಸಿ, ದೀಪ ಹಚ್ಚಿ, ಬಂದವರಿಗೆ ಪ್ರಸಾದ ಕೊಡುವ ಮುಜಾವರಿಕೆ ಸಾಮಾನ್ಯವಾಗಿ ವಂಶಪಾರಂಪರ್ಯವಾದುದು. ಸತ್ತವರ ಸೇವೆಯೇ ಆದರೂ ಅದು ಗೌರವದ ಸ್ಥಾನ. ಸಾಮಾನ್ಯ ಮುಸಲ್ಮಾನರ ಮನೆಯ ಸಾವಿನಲ್ಲಾದರೆ ಶವವನ್ನು ಹೊರುವ ಜನಾಜಾ ಮಸೀದಿಯ ಸೊತ್ತು. ಅದನ್ನು ಹೊರುವುದು ಜಮಾತಿನ ಎಲ್ಲರ ಪಾಲಿನ ಪುಣ್ಯ. ಕೆಜಿಎಫ್‌ನಲ್ಲಿ 1880ರಲ್ಲಿ ಜಾನ್ ಟೇಲರ್ ಕಂಪನಿಯ ಗಣಿಗಾರಿಕೆ ಆರಂಭವಾದ ಮೇಲೆ ಬೆಳೆದ ಕ್ರೈಸ್ತ ವಸತಿಗಳಲ್ಲಿ ಈ ಹೊಣೆ ಚರ್ಚಿನದೂ ಸಭೆಯದೂ ಆಯಿತು.

ಗುಂಡಿ ತೋಡಿದ ಮನೆತನಗಳ ಹೆಸರು ಕಲ್ಲಿನ ಮೇಲೆ ಬರಲಿಲ್ಲ. ಅವರ ಗುರುತು ಉಳಿದದ್ದು ಕಂದಾಯದ ದಫ್ತರದಲ್ಲಿ, ‘ತೋಟಿ ಇನಾಂತಿ’, ‘ತಳವಾರಿ ಇನಾಂತಿ’, ‘ನೀರಗಂಟಿ ಇನಾಂತಿ’ ಎಂಬ ಒಕ್ಕಣೆಗಳಲ್ಲಿ. ಇಂದಿಗೂ ಹಳ್ಳಿಗಳಲ್ಲಿ ಹಿರಿಯರು ಒಂದು ಹೊಲವನ್ನು ತೋರಿಸಿ ಇದು ತೋಟಿ ಇನಾಂತಿ ಎನ್ನುತ್ತಾರೆ. ಅದನ್ನು ಉಳುತ್ತಿರುವವರು ಹಲವು ಕಡೆ ಬೇರೆಯವರು.

ಸುದ್ದಿ, ಚಟ್ಟ, ಗುಂಡಿ, ತಮಟೆ

ಈ ನಾಲ್ಕು ಕೆಲಸಗಳಲ್ಲಿ ಅಡಗಿದ್ದ ತಿಳಿವಳಿಕೆಯನ್ನು ಜಾನಪದ ಅಧ್ಯಯನ ಇನ್ನೂ ಪೂರ್ಣವಾಗಿ ದಾಖಲಿಸಿಲ್ಲ. ಸುದ್ದಿ ಒಯ್ಯುವವನಿಗೆ ಸತ್ತವರ ನಂಟಸ್ತಿಕೆಯ ಸಂಪೂರ್ಣ ನಕ್ಷೆ ತಿಳಿದಿರಬೇಕಿತ್ತು. ಯಾವ ಊರಿನಲ್ಲಿ ಹೆಣ್ಣು ತಂದಿದ್ದಾರೆ, ಎಲ್ಲಿಗೆ ಕೊಟ್ಟಿದ್ದಾರೆ, ಯಾರಿಗೆ ಮೊದಲು ತಿಳಿಸದಿದ್ದರೆ ಮುನಿಸು ಎಂಬುದನ್ನೆಲ್ಲ ಆತ ಬರಹವಿಲ್ಲದೆ ನೆನಪಿನಲ್ಲಿಡುತ್ತಿದ್ದನು. ಈ ಲೇಖಕನ ಬಾಲ್ಯದಲ್ಲಿ, ಮುಳಬಾಗಿಲು ಕಡೆಯ ಹಳ್ಳಿಗೆ ಸೈಕಲ್ಲಿನಲ್ಲಿ ಬಂದ ಅಂಥವರೊಬ್ಬರು ಜಗಲಿಗೆ ದೂರವಾಗಿ ಬೇವಿನ ಮರದಡಿಯೇ ನಿಂತು ಸುದ್ದಿ ಹೇಳಿದ ನೆನಪಿದೆ. ಮನೆಯೊಳಗೆ ಅಳು ಎದ್ದಿತು. ಆತನಿಗೆ ಮೊರದಲ್ಲಿ ರಾಗಿ ತಂದು ಸುರಿದರು. ಕುಡಿಯಲು ನೀರು ಕೇಳಿದಾಗ ಬೊಗಸೆಗೆ ಎತ್ತರದಿಂದ ಹೊಯ್ದರು. ನಮ್ಮ ಮನೆಯ ನಂಟರ ಹೆಸರುಗಳನ್ನೆಲ್ಲ ಬಲ್ಲ ಆತನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಚಟ್ಟ ಕಟ್ಟಲು ಎರಡು ಉದ್ದನೆಯ ಗಳು, ಅಡ್ಡ ಪಟ್ಟಿಗಳು, ಹಸಿ ಗರಿ, ಹುರಿ ಇವಿಷ್ಟೇ ಸಾಕು. ಆದರೆ ಹೊರುವ ನಾಲ್ವರ ಎತ್ತರ, ದಾರಿಯ ಏರಿಳಿತ ನೋಡಿ ಬಿಗಿ ಹಾಕುವುದು ಅನುಭವದ ಮಾತು. ಬಿದಿರು ಅಪರೂಪವಾದ ಈ ಬಯಲುಸೀಮೆಯಲ್ಲಿ ನೀಲಗಿರಿ ತೋಪುಗಳು ಹಬ್ಬಿದ ಮೇಲೆ ಚಟ್ಟಕ್ಕೂ ಅದೇ ಗಳುವಾಯಿತು. ಗುಂಡಿ ತೋಡುವುದಕ್ಕೂ ನೆಲದ ಅರಿವು ಬೇಕು. ಒಕ್ಕಲಿಗರ ಮನೆಗಳಲ್ಲಿ ಸ್ವಂತ ಹೊಲದಲ್ಲಿ ಹೂಳುವ ರೂಢಿ ವ್ಯಾಪಕ. ವೀರಶೈವರಿಗೆ ಕುಳಿತ ಭಂಗಿಯ ಸಮಾಧಿಗೆ ಬೇರೆ ಅಳತೆ. ಕಲ್ಲುನೆಲವೇ ಹೆಚ್ಚಾದ ಕೋಲಾರದ ಗುಡ್ಡದ ಬುಡಗಳಲ್ಲಿ ಎಲ್ಲಿ ಅಗೆದರೆ ಬಂಡೆ ಸಿಗದು, ಕೆರೆಯಂಚಿನಲ್ಲಿ ಎಲ್ಲಿ ಜಲ ಒಸರದು ಎಂಬುದನ್ನು ಬಲ್ಲವರು ಈ ಮನೆತನದವರೇ.

ತಮಟೆಯ ವಿಷಯ ಇನ್ನೂ ಸೂಕ್ಷ್ಮವಾದುದು. ಹುಲ್ಲಿನ ಬೆಂಕಿಗೆ ಹಿಡಿದು ಚರ್ಮವನ್ನು ಕಾಯಿಸಿ, ನಾದ ಕೂಡಿದ ಮೇಲೆ ಬಡಿತ ಆರಂಭ. ಹಬ್ಬದ ಬಡಿತ ಬೇರೆ, ಸಾವಿನ ಬಡಿತ ಬೇರೆ. ದೂರದ ಹೊಲದಲ್ಲಿದ್ದವರಿಗೂ ಕೇಳಿದೊಡನೆ ಊರಿನಲ್ಲಿ ಏನಾಗಿದೆ ಎಂಬುದು ತಿಳಿಯುತ್ತಿತ್ತು. ದಾರಿಯ ನಡುವೆ ಚಟ್ಟವನ್ನು ಇಳಿಸುವ ತಾಣದಲ್ಲಿ ತಮಟೆ ನಿಲ್ಲುತ್ತದೆ. ಶ್ರೀನಿವಾಸಪುರ ಮುಳಬಾಗಿಲುಗಳ ತೆಲುಗು ಮಾತಿನ ಮನೆಗಳವರು ಇದನ್ನು ದಿಂಪುಡು ಕಳ್ಳೆಂ ಎನ್ನುತ್ತಾರೆ. ಅಲ್ಲಿ ಸತ್ತವರ ಕಿವಿಯ ಬಳಿ ಮೂರು ಸಲ ಹೆಸರು ಕೂಗಿ, ಓಗೊಡರೆಂಬುದು ಖಚಿತವಾದ ಮೇಲೆ ಮುಂದಕ್ಕೆ ಸಾಗುತ್ತಾರೆ. ಆ ಮೌನವನ್ನು ಎಷ್ಟು ಹೊತ್ತು ಉಳಿಸಬೇಕು, ಯಾವಾಗ ಮತ್ತೆ ಬಡಿತ ಎತ್ತಬೇಕು ಎಂಬುದು ತಮಟೆಯವರ ವಿವೇಚನೆಗೆ ಸೇರಿದ್ದು.

ಇಷ್ಟೆಲ್ಲ ಕೆಲಸಕ್ಕೆ ಪ್ರತಿಫಲವಾಗಿ ದೊರೆಯುತ್ತಿದ್ದುದು ಶವದ ಮೇಲಿನ ಬಟ್ಟೆ, ದಾರಿಯಲ್ಲಿ ಪುರಿಯೊಂದಿಗೆ ಎರಚಿದ ಚಿಲ್ಲರೆ ಕಾಸು, ಒಂದಿಷ್ಟು ಅಕ್ಕಿ ರಾಗಿ, ಜೊತೆಗೆ ಹೆಂಡ. ಹೆಂಡವನ್ನು ಕೂಲಿಯ ಭಾಗವೆಂದೇ ಲೆಕ್ಕ ಹಿಡಿಯುತ್ತಿದ್ದರು.

ವೀರಬಾಹುಕನ ಹೆಸರು

ಈ ಕೆಲಸಕ್ಕೆ ಒಂದು ಪುರಾಣದ ಆಶ್ರಯವೂ ಇದೆ. 13ನೆಯ ಶತಮಾನದ ರಾಘವಾಂಕನ ಹರಿಶ್ಚಂದ್ರ ಕಾವ್ಯದಲ್ಲಿ, ಸತ್ಯಕ್ಕಾಗಿ ರಾಜ್ಯ ಕಳೆದುಕೊಂಡ ಹರಿಶ್ಚಂದ್ರನು ಕಾಶಿಯಲ್ಲಿ ವೀರಬಾಹುಕನಿಗೆ ತನ್ನನ್ನು ಮಾರಿಕೊಂಡು ಸುಡುಗಾಡು ಕಾಯುತ್ತಾನೆ. ಸತ್ತ ಮಗನನ್ನು ಹೊತ್ತು ತಂದ ಹೆಂಡತಿಯಿಂದಲೂ ಸುಡುಗಾಡಿನ ತೆರೆ ಕೇಳುತ್ತಾನೆ. ಸ್ಮಶಾನ ಕಾಯುವವರನ್ನು ವೀರಬಾಹುಕನ ವಂಶದವರೆನ್ನುವ ರೂಢಿ ಇಲ್ಲಿಂದ ಬೆಳೆಯಿತು. ಕೋಲಾರದ ಪೂರ್ವ ತಾಲ್ಲೂಕುಗಳಲ್ಲಿ ಇದೇ ಕಥೆ ಬಲಿಜೇಪಲ್ಲಿ ಲಕ್ಷ್ಮೀಕಾಂತಂ ಅವರ ತೆಲುಗು ನಾಟಕ ‘ಸತ್ಯ ಹರಿಶ್ಚಂದ್ರ’ದ ಮೂಲಕವೂ ಜನರ ಬಾಯಲ್ಲಿದೆ. ಅದರ ‘ಕಾಟಿ ಸೀನು’, ಎಂದರೆ ಸುಡುಗಾಡಿನ ದೃಶ್ಯ, ಬರುವವರೆಗೆ ಪ್ರೇಕ್ಷಕರು ಏಳುವುದಿಲ್ಲ. ಆ ದೃಶ್ಯದಲ್ಲಿ ನಟರು ದಲಿತ ಕವಿ ಗುರ್ರಂ ಜಾಷುವಾ ಅವರ ಸ್ಮಶಾನದ ಪದ್ಯಗಳನ್ನು ಸೇರಿಸಿ ಹಾಡುವ ಪರಂಪರೆ ಇದೆ.

ಇಲ್ಲಿ ಒಂದು ಅಂಶ ವಿಚಾರಾರ್ಹ. 2022ರಲ್ಲಿ ಕರ್ನಾಟಕ ಸರ್ಕಾರವು ಬೆಂಗಳೂರಿನ ಚಿತಾಗಾರ ರುದ್ರಭೂಮಿಗಳ ಕೆಲಸಗಾರರನ್ನು ‘ಸತ್ಯ ಹರಿಶ್ಚಂದ್ರ ಬಳಗ’ವೆಂದು ಕರೆಯುವುದಾಗಿ ಘೋಷಿಸಿತು. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಅವರು ಹಗಲಿರುಳು ದುಡಿದುದರ ನೆನಪು ಇನ್ನೂ ಹಸಿಯಾಗಿದ್ದ ಕಾಲವದು. ಉದ್ದೇಶ ಒಳ್ಳೆಯದೇ. ಆದರೆ ಕಥೆಯಲ್ಲಿ ಹರಿಶ್ಚಂದ್ರ ಸುಡುಗಾಡಿಗೆ ಬಂದುಹೋದವನು. ಅವನ ಪರೀಕ್ಷೆ ಮುಗಿದೊಡನೆ ರಾಜ್ಯ ಮರಳಿ ಸಿಗುತ್ತದೆ. ಸುಡುಗಾಡು ಯಾರ ಬದುಕಾಗಿತ್ತೋ ಆ ವೀರಬಾಹುಕನ ಹೆಸರು ಗೌರವದ ಹೆಸರಾಗಿ ಒದಗಲಿಲ್ಲ. ಈ ಕೆಲಸಕ್ಕೆ ಘನತೆ ಕೊಡಬೇಕಾದರೆ ಅರಸನೊಬ್ಬ ಅದನ್ನು ಮಾಡಿರಬೇಕು ಎಂಬ ಹಳೆಯ ತರ್ಕ ಹೊಸ ಹೆಸರಿನಲ್ಲೂ ಉಳಿದಿದೆ.

ಹುದ್ದೆ ಹೋಯಿತು, ರೂಢಿ ಉಳಿಯಿತು

1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದು ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ಕೊನೆಗೊಳಿಸಿತು. ಹುದ್ದೆಗೆ ಸೇರಿದ್ದ ಇನಾಮು ಜಮೀನು ಸರ್ಕಾರಕ್ಕೆ ಸೇರಿ, ನಿಗದಿಯಾದ ಹಣ ಕಟ್ಟಿದ ಹಿಂದಿನ ಹುದ್ದೆದಾರರಿಗೆ ಮರುಮಂಜೂರಾಗಬೇಕಿತ್ತು. ಶಾನುಭೋಗರ ಮನೆಯವರಿಗೆ ಕಾಗದಪತ್ರಗಳ ವ್ಯವಹಾರ ಹೊಸದಲ್ಲ. ತೋಟಿಯ ಮನೆಯವರಿಗೆ ಅರ್ಜಿ ಬರೆಯುವವರೂ ಇರಲಿಲ್ಲ, ಕಟ್ಟಲು ಹಣವೂ ಇರಲಿಲ್ಲ. ಸಾಲಕ್ಕೆ, ಮದುವೆಗೆ, ಕಾಯಿಲೆಗೆ ಜಮೀನು ಕೈಬಿಟ್ಟ ನಿದರ್ಶನಗಳು ಅನೇಕ. ಮರುಮಂಜೂರಾದ ಜಮೀನನ್ನು 15 ವರ್ಷ ಪರಭಾರೆ ಮಾಡಬಾರದೆಂಬ ತಿದ್ದುಪಡಿ ಬಂದದ್ದು 1978ರಲ್ಲಿ. ಪರಿಶಿಷ್ಟರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು ನಿಷೇಧಿಸುವ ಕಾಯಿದೆಯೂ ಅದೇ ವರ್ಷದ್ದು.

ಕಾಯಿದೆ ರದ್ದು ಮಾಡಿದ್ದು ಸರ್ಕಾರದ ಕೆಲಸವನ್ನು. ಊರಿನ ಕೆಲಸ ಹಾಗೆಯೇ ಮುಂದುವರಿಯಿತು. ಹುದ್ದೆಯೂ ಇಲ್ಲ, ಇನಾಮೂ ಇಲ್ಲ, ಗುಂಡಿ ಮಾತ್ರ ತೋಡಬೇಕು ಎಂಬ ಸ್ಥಿತಿ ಏರ್ಪಟ್ಟಿತು. ಇದನ್ನು ಮೊದಲು ಪ್ರಶ್ನಿಸಿದ್ದು ಕಾನೂನಲ್ಲ, ಚಳವಳಿ. 1970ರ ದಶಕದಲ್ಲಿ ಬಿ. ಕೃಷ್ಣಪ್ಪನವರ ನಾಯಕತ್ವದಲ್ಲಿ ರೂಪುಗೊಂಡ ದಲಿತ ಸಂಘರ್ಷ ಸಮಿತಿಗೆ ಕೋಲಾರ ಜಿಲ್ಲೆ ಬಲವಾದ ನೆಲೆಯಾಯಿತು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆಯಲ್ಲಿ ಶೇ. 30ಕ್ಕೂ ಹೆಚ್ಚು ಮಂದಿ ಪರಿಶಿಷ್ಟ ಜಾತಿಯವರು. ರಾಜ್ಯದಲ್ಲಿ ಇದೇ ಅತಿ ಹೆಚ್ಚಿನ ಪ್ರಮಾಣ. ಹೆಂಡದ ಬದಲು ವಸತಿ ಶಾಲೆ ಕೇಳಿದ ಈ ಚಳವಳಿ, ಬಿಟ್ಟಿ ತಮಟೆ, ಬಿಟ್ಟಿ ಗುಂಡಿಗಳನ್ನು ನಿರಾಕರಿಸುವ ಧೈರ್ಯವನ್ನು ಕೇರಿಗಳಿಗೆ ತಂದಿತು. ನಿರಾಕರಣೆಗೆ ತೆರಬೇಕಾದ ಬೆಲೆಯೂ ಸಣ್ಣದಾಗಿರಲಿಲ್ಲ. ಕೂಲಿ ನಿಲ್ಲಿಸುವುದು, ಅಂಗಡಿಯಲ್ಲಿ ಸಾಮಾನು ಕೊಡದಿರುವುದು ಮೊದಲಾದ ಬಹಿಷ್ಕಾರಗಳು ಅದಕ್ಕೆ ಉತ್ತರವಾಗಿ ಬರುತ್ತಿದ್ದವು.

ಗುಂಡಿ ತೋಡುವುದನ್ನು ಕಾನೂನು ಹೆಸರು ಹಿಡಿದು ಗುರುತಿಸಲು ಇನ್ನೂ ಬಹುಕಾಲ ಹಿಡಿಯಿತು. 1989ರ ದೌರ್ಜನ್ಯ ತಡೆ ಕಾಯಿದೆಗೆ 2015ರಲ್ಲಿ ತಂದು 2016ರ ಜನವರಿ 26ರಿಂದ ಜಾರಿಗೊಳಿಸಿದ ತಿದ್ದುಪಡಿಯು, ಪರಿಶಿಷ್ಟ ಜಾತಿ ಪಂಗಡದವರಿಂದ ಹೆಣ ಹೊರಿಸುವುದನ್ನೂ ಸತ್ತ ಪ್ರಾಣಿ ಸಾಗಿಸುವುದನ್ನೂ ಗುಂಡಿ ತೋಡಿಸುವುದನ್ನೂ ಅಪರಾಧವೆಂದು ಸ್ಪಷ್ಟವಾಗಿ ನಮೂದಿಸಿತು. ತೋಟಿತನ ರದ್ದಾದುದಕ್ಕೂ ಇದಕ್ಕೂ ನಡುವೆ 53 ವರ್ಷಗಳ ಅಂತರವಿದೆ. ಎರಡು ತಲೆಮಾರು ಈ ಅಂತರದಲ್ಲಿ ಹಾರೆ ಹಿಡಿದು ಕಳೆದವು.

ಇದರೊಳಗಿನ ಇನ್ನೊಂದು ವಿಪರ್ಯಾಸವೂ ಗಮನಾರ್ಹ. ಸ್ವಂತ ಹೊಲವಿದ್ದವರು ಹೊಲದಲ್ಲಿ ಹೂಳುತ್ತಾರೆ. ಊರಿಗೆಲ್ಲ ಗುಂಡಿ ತೋಡಿದ ಮನೆಯವರಿಗೆ ತಮ್ಮವರನ್ನು ಹೂಳಲು ನೆಲವಿಲ್ಲದೆ ಕೆರೆಯಂಗಳ, ರಸ್ತೆಬದಿಗಳನ್ನು ಹುಡುಕಬೇಕಾಗುತ್ತಿತ್ತು. ಸ್ಮಶಾನವಿಲ್ಲದ ಊರುಗಳಿಗೆ ಭೂಮಿ ಒದಗಿಸಬೇಕೆಂದು ಕರ್ನಾಟಕದ ಹೈಕೋರ್ಟ್ 2019ರಲ್ಲಿ ಸರ್ಕಾರಕ್ಕೆ ಆದೇಶಿಸಬೇಕಾಗಿ ಬಂದದ್ದು ಈ ಸಮಸ್ಯೆಯ ವ್ಯಾಪ್ತಿಯನ್ನು ಸೂಚಿಸುತ್ತದೆ.

ಅಂಗಡಿಯ ಕಾಲ

ಕಳೆದ ಎರಡು ಮೂರು ದಶಕಗಳಲ್ಲಿ ತಾಲ್ಲೂಕು ಕೇಂದ್ರಗಳಲ್ಲಿ ಅಂತ್ಯಸಂಸ್ಕಾರವು ವ್ಯಾಪಾರದ ರೂಪ ಪಡೆಯಿತು. ಗ್ರಂಧಿಗೆ ಅಂಗಡಿಯಲ್ಲಿ ಬಿಳಿ ಬಟ್ಟೆ, ಮಡಕೆ, ಊದುಬತ್ತಿ, ಕರ್ಪೂರಗಳನ್ನು ಒಂದೇ ಗಂಟಾಗಿ ಕಟ್ಟಿಕೊಡುತ್ತಾರೆ. ಶಾಮಿಯಾನ ಕುರ್ಚಿಗಳನ್ನು ಬಾಡಿಗೆಗೆ ಕೊಡುವವರೇ ಫ್ರೀಜರ್ ಪೆಟ್ಟಿಗೆಯನ್ನೂ ತಂದಿಡುತ್ತಾರೆ. ಹೂವಿನ ಪಲ್ಲಕ್ಕಿ, ಮುಕ್ತಿ ವಾಹನಗಳು ಫೋನು ಮಾಡಿದರೆ ಬರುತ್ತವೆ. ಸುದ್ದಿಯನ್ನು ಮೊಬೈಲು ಒಯ್ಯುತ್ತದೆ. ಗುಂಡಿಯನ್ನು ಅನೇಕ ಕಡೆ ಜೆಸಿಬಿ ತೋಡುತ್ತದೆ. ಫ್ರೀಜರ್ ಬಂದ ಮೇಲೆ ಸಂಸ್ಕಾರದ ಕಾಲಮಾನವೂ ಬದಲಾಯಿತು: ಹೊತ್ತು ಮುಳುಗುವುದರೊಳಗೆ ಎಂಬ ಆತುರ ತಗ್ಗಿ, ದೂರದ ಊರಿನ ಮಗಳು ಬರುವವರೆಗೆ ಕಾಯುವುದು ಸಾಧ್ಯವಾಯಿತು.

ಈ ವ್ಯಾಪಾರವೂ ಮನೆತನದ ವ್ಯಾಪಾರವೇ. ಅಪ್ಪ ಗಲ್ಲಾ ಮೇಲೆ ಕೂತರೆ ಮಗ ವಾಹನ ಓಡಿಸುತ್ತಾನೆ. ಅಮೆರಿಕದ ಸಣ್ಣ ಪಟ್ಟಣದ ಮಾದರಿ ಇಲ್ಲಿಯೂ ರೂಪುಗೊಳ್ಳುತ್ತಿದೆ ಎನ್ನಬಹುದು. ಅಲ್ಲಿಯ ವೃತ್ತಿಯೂ ದೋಷರಹಿತವಾಗಿರಲಿಲ್ಲ. ಶೋಕದಲ್ಲಿರುವವರಿಂದ ಹೆಚ್ಚು ಹಣ ಕೀಳುವ ಪ್ರವೃತ್ತಿಯನ್ನು ಜೆಸ್ಸಿಕಾ ಮಿಟ್‌ಫರ್ಡ್ 1963ರಲ್ಲಿ ಪುಸ್ತಕವೊಂದರಲ್ಲಿ ಬಯಲಿಗೆಳೆದರು. ಬೆಲೆಪಟ್ಟಿ ಕೊಡಲೇಬೇಕೆಂಬ ನಿಯಮ ಅಲ್ಲಿ ಜಾರಿಯಾದದ್ದು 1984ರಲ್ಲಿ. ನಮ್ಮ ಅಂಗಡಿಗಳ ಬಗ್ಗೆ ಕೇಳಬೇಕಾದ ಮೊದಲ ಪ್ರಶ್ನೆ ಮಾತ್ರ ಬೇರೆ. ಈ ಕೆಲಸಕ್ಕೆ ಬೆಲೆ ಬಂದ ಕಾಲಕ್ಕೆ, ಬೆಲೆಯಿಲ್ಲದೆ ಅದನ್ನು ಮಾಡಿದ ಮನೆತನಗಳು ಎಲ್ಲಿವೆ? ವಾಹನ ಮತ್ತು ಫ್ರೀಜರಿಗೆ ಬಂಡವಾಳ ಬೇಕು. ಅದಿದ್ದವರು ವೃತ್ತಿಯ ಲಾಭದ ತುದಿಯಲ್ಲಿದ್ದಾರೆ. ಸುಡುಗಾಡಿನ ತುದಿಯಲ್ಲಿ ಈಗಲೂ ಹೆಚ್ಚಾಗಿ ಹಳೆಯ ಕೇರಿಯವರೇ ದಿನಗೂಲಿಗೆ ನಿಂತಿದ್ದಾರೆ.

ತಮಟೆಯ ಹಾದಿ ಇದಕ್ಕಿಂತ ಭಿನ್ನವಾಗಿ ಸಾಗಿತು. ಚಳವಳಿಯ ಜಾಥಾಗಳಲ್ಲಿ, ಕಲಾಮೇಳಗಳಲ್ಲಿ, ಶಾಲಾ ಕಾಲೇಜುಗಳ ವೇದಿಕೆಗಳಲ್ಲಿ ಅದು ಕಲೆಯಾಗಿ ಮರುಹುಟ್ಟು ಪಡೆಯಿತು. 2007ರಲ್ಲಿ ಕೋಲಾರದಿಂದ ಬೇರ್ಪಟ್ಟ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ದೊರೆತದ್ದು ಈ ಪಲ್ಲಟದ ಎತ್ತರದ ಗುರುತು. ಸಾವಿನ ಮನೆಗೆ ಕರೆದಾಗ ಬರುವುದಿಲ್ಲವೆನ್ನುವ ಹಕ್ಕು ದಕ್ಕಿದ ಮೇಲೆಯೇ ತಮಟೆ ಕಲೆಯಾಯಿತು ಎಂಬುದನ್ನು ಮರೆಯಬಾರದು.

ಉಪಸಂಹಾರ

ಒಟ್ಟಿನಲ್ಲಿ ಕೋಲಾರ ಸೀಮೆಯ ಅಂತ್ಯಸಂಸ್ಕಾರ ವೃತ್ತಿಯು ಆಯದ ಬಾಧ್ಯತೆಯಾಗಿ ಬೆಳೆದು, ಹುದ್ದೆ ರದ್ದಾದ ಮೇಲೂ ರೂಢಿಯಾಗಿ ಉಳಿದು, ಚಳವಳಿ ಮತ್ತು ಕಾನೂನುಗಳ ಒತ್ತಡದಿಂದ ಸಡಿಲಗೊಂಡು, ಈಗ ಅಂಗಡಿಯ ರೂಪ ತಾಳಿದೆ. ಈ ಬದಲಾವಣೆಯಲ್ಲಿ ಕೆಲವು ತಿಳಿವಳಿಕೆಗಳು ಕಣ್ಮರೆಯಾಗುತ್ತಿರುವುದು ನಿಜ. ಆದರೆ ಅವು ಕಣ್ಮರೆಯಾಗುತ್ತಿವೆ ಎಂಬ ವ್ಯಥೆಯಿಂದ ಹಳೆಯ ವ್ಯವಸ್ಥೆಯನ್ನು ಗ್ರಾಮಸಾಮರಸ್ಯವೆಂದು ಹೊಗಳುವುದು ಜಾನಪದ ವಿದ್ವಾಂಸರಾದ ನಮಗೆ ಸಲ್ಲದು. ಹಾರೆಯನ್ನು ಕೆಳಗಿಟ್ಟು ಓದಲು ಹೋದ ಹುಡುಗ ಕಳೆದುಕೊಂಡದ್ದಕ್ಕಿಂತ ಪಡೆದದ್ದು ಹೆಚ್ಚು.

ನಮ್ಮಿಂದ ಆಗಬೇಕಾದ ಕೆಲಸ ಬೇರೆ ಇದೆ. ತಾಲ್ಲೂಕು ಕಚೇರಿಗಳಲ್ಲಿರುವ ಹಳೆಯ ಇನಾಂತಿ ದಾಖಲೆಗಳನ್ನು, ಮರುಮಂಜೂರಾತಿಯ ಕಡತಗಳನ್ನು, ಹಿರಿಯ ತಮಟೆ ಕಲಾವಿದರ ನೆನಪಿನಲ್ಲಿರುವ ಬಡಿತಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಊರೂರಿನ ಸಾವಿನ ಮನೆತನಗಳ ಚರಿತ್ರೆಯನ್ನು ಕಟ್ಟಬಹುದು. ಆ ದಾಖಲೆಗಳಲ್ಲಿ ತೋಟಿಗಳ ಹೆಸರುಗಳಿವೆ, ತಂದೆಯ ಹೆಸರುಗಳಿವೆ, ಸರ್ವೆ ನಂಬರುಗಳಿವೆ. ಬೇವಿನ ಮರದಡಿ ನಿಂತು ಸುದ್ದಿ ಹೇಳಿ ಹೋದವರ ಹೆಸರನ್ನು ಮೊದಲು ಅಲ್ಲಿ ಹುಡುಕಬೇಕಾಗಿದೆ.